ಶೇಕಬ್ಬರ ಬಲಗೈ

ಎಪ್ಪತ್ತರ ದಶಕದ ಕಾಪುವಿನಲ್ಲಿ ನೋಡತಕ್ಕ ವಸ್ತುಗಳು ಎರಡಿದ್ದವು. ಒಂದು, ಕಡಲ ಬಂಡೆಯ ಮೇಲಿನ ದೀಪಸ್ತಂಭ. ಇನ್ನೊಂದು, ಶೇಕಬ್ಬ ಬ್ಯಾರಿಯವರ ಬಲಗೈ. ದೀಪಸ್ತಂಭ ನೋಡಲು ಮೆಟ್ಟಿಲು ಹತ್ತಬೇಕಿತ್ತು. ಬಲಗೈ ನೋಡಲು ಕಾಲು ಕಿಲೋ ಸಕ್ಕರೆ ಕೊಂಡರೆ ಸಾಕಿತ್ತು.

ಶೇಕಬ್ಬರದು ಪೇಟೆಯ ನಡುವಿನ ದಿನಸಿ ಅಂಗಡಿ. ತಕ್ಕಡಿಯ ಪಕ್ಕದಲ್ಲಿ ಹಳೆಯ ಪತ್ರಿಕೆಗಳ ರಾಶಿ. ಜಂತಿಯಿಂದ ಇಳಿಬಿಟ್ಟ ತಗಡಿನ ಡಬ್ಬಿಯೊಳಗೆ ನೂಲಿನ ಉಂಡೆ. ಡಬ್ಬಿಯ ತೂತಿನಿಂದ ಹೊರಬಂದ ನೂಲಿನ ತುದಿ ಅವರ ಕಿವಿಯ ಹತ್ತಿರ ಅಪ್ಪಣೆಗೆ ಕಾಯುತ್ತಾ ನೇತಾಡುತ್ತಿತ್ತು. ಸಕ್ಕರೆ ಕಾಗದಕ್ಕೆ ಬಿದ್ದ ಕೂಡಲೇ ಎಡಗೈ ಅಂಚುಗಳನ್ನು ಒಳಕ್ಕೆ ಮಡಚಿ, ಪೊಟ್ಟಣವನ್ನು ಹಿಡಿದುಕೊಂಡು, ಅರಸನ ಪಕ್ಕದಲ್ಲಿ ಚಾಮರದವನು ನಿಂತ ಹಾಗೆ ಸುಮ್ಮನೆ ನಿಲ್ಲುತ್ತಿತ್ತು. ಆಮೇಲಿನದೆಲ್ಲ ಬಲಗೈಯ ಆಳ್ವಿಕೆ. ಅದು ಮೇಲೇರಿ ನೂಲನ್ನು ಸೆಳೆದು, ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು ಸುತ್ತು ಹಾಕಿ, ಹೆಬ್ಬೆರಳಿನಿಂದ ಒತ್ತಿ, ತೋರುಬೆರಳಿನಿಂದ ಕೊಕ್ಕೆ ಮಾಡಿ, ನಡುಬೆರಳಿನಿಂದ ತುದಿಯನ್ನು ಕೊಕ್ಕೆಯೊಳಗೆ ನುಗ್ಗಿಸಿ, ಕೊನೆಗೊಂದು ಜಗ್ಗು ಜಗ್ಗಿದರೆ ನೂಲು ಟಪ್ಪೆಂದು ತುಂಡಾಗುತ್ತಿತ್ತು. ಗಿರಾಕಿ ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಪೊಟ್ಟಣ ಅವನ ಮುಂದಿರುತ್ತಿತ್ತು. ಶೇಕಬ್ಬರ ಕಣ್ಣು ಮಾತ್ರ ಇಡೀ ಹೊತ್ತು ರಸ್ತೆಯ ಮೇಲೆ ಇರುತ್ತಿತ್ತು. ಕೈಯನ್ನು ನೋಡುತ್ತಾ ಕಟ್ಟುವವರು ಕಲಿಯುವವರು ಎಂಬುದು ಅವರ ಮತ.

ಎದುರು ಸಾಲಿನಲ್ಲಿ ಹೊಲಿಗೆ ಮೆಷಿನ್ ತುಳಿಯುವ ವಿಠಲ ಶೇಕಬ್ಬರ ಆಪ್ತ ಗೆಳೆಯ. ಆದ ಕಾರಣ ಇಬ್ಬರೂ ಒಬ್ಬರನ್ನೊಬ್ಬರು ಒಂದು ದಿನವೂ ಹೊಗಳಿದವರಲ್ಲ.

"ಬ್ಯಾರಿ, ನಿನ್ನ ಕೈಯಷ್ಟು ತಲೆಯೂ ಓಡಿದ್ದರೆ ನೀನು ಎಲ್ಲಿಗೋ ಹೋಗುತ್ತಿದ್ದೆ" ಎಂದು ವಿಠಲ ಹೇಳಿದರೆ, "ನಿನ್ನ ಮೆಷಿನಿನಷ್ಟು ನೀನು ಓಡಿದ್ದರೆ ನನ್ನ ಅಂಗಿ ಕಳೆದ ರಂಜಾನಿಗೇ ಸಿಗುತ್ತಿತ್ತು" ಎಂದು ಶೇಕಬ್ಬರು ಹೇಳುವುದು. ಇದು ಅವರ ಬೆಳಗಿನ ಕುಶಲ ವಿಚಾರಣೆ.

ಈ ಸಾಮ್ರಾಜ್ಯಕ್ಕೆ ಮೊದಲ ಶತ್ರು ಬಂದದ್ದು ಹೊರಗಿನಿಂದಲ್ಲ, ಮನೆಯೊಳಗಿನಿಂದ. ಮಗ ಉಸ್ಮಾನ್ ದುಬೈಯಲ್ಲಿ ಕೆಲವು ವರ್ಷ ದುಡಿದು ಎಂಬತ್ತಮೂರರಲ್ಲಿ ಊರಿಗೆ ಮರಳಿದ. ಅವನ ಪೆಟ್ಟಿಗೆಯಲ್ಲಿ ತಾಯಿ ಐಸಮ್ಮನಿಗೆ ಸೀರೆ, ತಂದೆಗೆ ಅತ್ತರು, ಅಂಗಡಿಗೆ ಒಂದು ಕಟ್ಟು ಪ್ಲಾಸ್ಟಿಕ್ ಚೀಲ, ನಮ್ಮ ಕಡೆಯ ಮಾತಿನಲ್ಲಿ ತೊಟ್ಟೆ.

"ಬಾಪ, ಅಲ್ಲಿ ಯಾರೂ ನೂಲು ಕಟ್ಟುವುದಿಲ್ಲ. ತೊಟ್ಟೆಯಲ್ಲಿ ಹಾಕುತ್ತಾರೆ, ಕೊಡುತ್ತಾರೆ. ಮುಗಿಯಿತು."

"ದುಬೈಯಲ್ಲಿ ಮಳೆ ಉಂಟಾ?"

"ಇಲ್ಲ."

"ದೋಣಿಗೆ ಹೋಗುವವರು ಬೆಳಿಗ್ಗೆ ಬಂದು ಬೆಲ್ಲ ಕೇಳುವುದುಂಟಾ?"

"ಇಲ್ಲ ಬಾಪ."

"ಹಾಗಾದರೆ ಕಟ್ಟುವ ವಿಷಯ ಆ ಊರಿನವರಿಗೆ ಎಂತ ಗೊತ್ತು?"

ಮಳೆಗೆ ತೊಟ್ಟೆಯೇ ಒಳ್ಳೆಯದಲ್ಲವೇ ಎಂದು ಉಸ್ಮಾನನಿಗೆ ಹೊಳೆಯುವ ಹೊತ್ತಿಗೆ ಶೇಕಬ್ಬರು ಊಟ ಮುಗಿಸಿ ಕೈ ತೊಳೆದಿದ್ದರು. ತೊಳೆದ ಕೈಯನ್ನು ಎತ್ತಿ ತೋರಿಸಿ ಅವರು ಹೊರಡಿಸಿದ ಶಾಸನ ಹೀಗಿತ್ತು: "ಈ ಕೈ ನಡೆಯುವವರೆಗೆ ತೊಟ್ಟೆ ಅಂಗಡಿಯ ಒಳಗೆ ಬರುವುದಿಲ್ಲ. ಕೈ ನಿಂತ ದಿನ ಅಂಗಡಿಯೂ ನಿನ್ನದು, ತೊಟ್ಟೆಯೂ ನಿನ್ನದು. ನಾನು ಜಗಲಿಯಲ್ಲಿ ಕೂತು ಕಾಗೆ ಓಡಿಸುತ್ತೇನೆ."

ಮರುವರ್ಷವೇ ಕೈ ನಿಂತಿತು.

ಅದೊಂದು ಬೆಳಿಗ್ಗೆ ಕೊತ್ತಂಬರಿ ಕಟ್ಟುತ್ತಿದ್ದಾಗ ನೂಲು ಬೆರಳಿನಿಂದ ಜಾರಿತು. ಶೇಕಬ್ಬರು ನೂಲನ್ನು ಬೈದರು. ಮತ್ತೆ ಜಾರಿತು. "ಮಿಲ್ಲಿನವರು ಎಣ್ಣೆ ಹಚ್ಚಿ ಕಳಿಸಿದ್ದಾರೆ" ಎಂದು ಹೊಸ ಉಂಡೆ ಹಾಕಿಸಿದರು. ಹೊಸದೂ ಜಾರಿತು. ಆಗ ಕಾಗದದ ತಪ್ಪು ಹೊರಗೆ ಬಂತು. ಅದರ ನಂತರ ಕೊತ್ತಂಬರಿಯ ತಪ್ಪು. ಭೂಮಿಯ ಮೇಲಿನ ಎಲ್ಲ ಸರಕನ್ನೂ ಅವರು ಸಂಶಯಿಸಿದರು, ಕೈಯೊಂದನ್ನು ಬಿಟ್ಟು. ಗಲಾಟೆ ಕೇಳಿ ವಿಠಲ ರಸ್ತೆ ದಾಟಿ ಬಂದು ಮುಖ ನೋಡಿದ.

"ಬ್ಯಾರಿ, ಒಮ್ಮೆ ನಗು ನೋಡುವ."

"ನಿನ್ನ ಮುಖ ನೋಡಿದರೆ ನಗು ಬರುವುದು ಹೊಸತಾ?" ಎಂದು ಶೇಕಬ್ಬರು ನಕ್ಕರು. ಮಾತು ತೊದಲಿತು. ಬಾಯಿಯ ಎಡಭಾಗ ನಕ್ಕಿತು, ಬಲಭಾಗ ಕೂತಲ್ಲೇ ಕೂತಿತ್ತು. ವಿಠಲ ಮತ್ತೆ ತಮಾಷೆ ಮಾಡಲಿಲ್ಲ. ಬಾಡಿಗೆ ಕಾರು ತರಿಸಿ, ಅರ್ಧ ಹೊಲಿದ ಬ್ಲೌಸುಗಳನ್ನು ಮೆಷಿನಿನ ಮೇಲೆಯೇ ಬಿಟ್ಟು, ಗೆಳೆಯನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದ.

ಆಸ್ಪತ್ರೆಯಲ್ಲಿ ನಾಲಗೆ ಎಲ್ಲಕ್ಕಿಂತ ಮೊದಲು ಗುಣವಾಯಿತು. ಇದರಿಂದ ವಾರ್ಡಿನ ಉಳಿದ ರೋಗಿಗಳಿಗೆ ಅಂಥ ಸಂತೋಷವೇನೂ ಆಗಲಿಲ್ಲ. ಆಮೇಲೆ ಕಾಲು ಬಂತು. ಕೈ ಮಾತ್ರ ತೊಡೆಯ ಮೇಲೆ, ಬೇರೆ ಯಾರದೋ ಮನೆಯ ವಸ್ತುವಿನ ಹಾಗೆ ಬಿದ್ದುಕೊಂಡಿತ್ತು. ಅಂಗಡಿಯಲ್ಲಿ ಉಸ್ಮಾನ್ ಬೇರೆ ದಾರಿಯಿಲ್ಲದೆ ತೊಟ್ಟೆ ಕೊಡಲು ಶುರು ಮಾಡಿದ್ದ.

ಕೈಯ ಕೆಲಸ ಕಲಿಸಲು ನೇಮಕವಾದವಳು ಸ್ವರ್ಣಲತಾ, ಫಿಸಿಯೊಥೆರಪಿ ವಿಭಾಗದವಳು, ಕಾರ್ಕಳದ ಹುಡುಗಿ. ಶೇಕಬ್ಬರು ಅವಳನ್ನು ಡಾಕ್ಟ್ರಮ್ಮ ಎಂದು ಕರೆದರು. "ನಾನು ಡಾಕ್ಟರಲ್ಲ ಸಾಹೇಬ್ರೆ" ಎಂದು ಅವಳು ತಿದ್ದಿದಳು. "ಆಗುತ್ತೀರಿ, ಅವಸರ ಎಂತ" ಎಂದು ಅವರು ಸಮಾಧಾನ ಹೇಳಿದರು.

"ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಿಮ್ಮ ಕೈಗೆ ಏನೂ ಆಗಿಲ್ಲ."

"ಹಾಗಾದರೆ ಕೊಡಿ, ಮನೆಗೆ ಹೋಗುತ್ತೇನೆ."

"ಆಗಿದ್ದು ತಲೆಯೊಳಗೆ. ಮಿದುಳಿನ ಎಡಭಾಗದಲ್ಲಿ ಬಲಗೈಯನ್ನು ಆಡಿಸುವ ಜಾಗ ಉಂಟು. ಅಲ್ಲಿಗೆ ಹೋಗುವ ರಕ್ತ ನಿಂತು ಒಂದಷ್ಟು ಹಾಳಾಗಿದೆ."

ಅವಳು ಒಂದು ಚಿತ್ರ ತೋರಿಸಿದಳು. ಮಿದುಳಿನ ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಪಟ್ಟಿಯ ಮೇಲೆ ಒಬ್ಬ ವಿಕಾರ ಮನುಷ್ಯ ಬಾವಲಿಯಂತೆ ತಲೆಕೆಳಗಾಗಿ ಮಲಗಿದ್ದ. ಕಾಲು ಮೇಲೆ, ಮುಖ ಕೆಳಗೆ. ಬೆನ್ನು, ಹೊಟ್ಟೆ ಇದ್ದೂ ಇಲ್ಲದಷ್ಟು. ಕೈಯೋ, ಹಲಸಿನಕಾಯಿಯಷ್ಟು ದೊಡ್ಡದು. ಹೆಬ್ಬೆರಳು ತೊಡೆಗಿಂತ ದಪ್ಪ. ತುಟಿ, ನಾಲಗೆ ಅದಕ್ಕೆ ಸರಿಜೋಡಿ. ಸೂಕ್ಷ್ಮ ಕೆಲಸ ಮಾಡುವ ಅಂಗಕ್ಕೆ ಮಿದುಳಿನಲ್ಲಿ ಹೆಚ್ಚು ಜಾಗ, ಸುಮ್ಮನೆ ಭಾರ ಹೊರುವ ಅಂಗಕ್ಕೆ ಕಡಿಮೆ ಎಂದು ಅವಳು ವಿವರಿಸಿದಳು.

ಶೇಕಬ್ಬರಿಗೆ ಈ ಹಂಚಿಕೆ ಬಹಳ ನ್ಯಾಯವಾಗಿ ಕಂಡಿತು. ಅವರ ಕೈ ಸಾಮಾನ್ಯದ್ದಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಅದಕ್ಕೆ ತಲೆಯಲ್ಲಿ ಇಷ್ಟು ದೊಡ್ಡ ಬಂಗಲೆ ಇದೆ ಎಂಬುದು ಮಾತ್ರ ಹೊಸ ಸುದ್ದಿ.

"ನಾಲಗೆಗೆ ತೋರಿಸಿದ ಜಾಗ ಸಾಲದು" ಎಂದ ಜೊತೆಗೆ ಬಂದಿದ್ದ ವಿಠಲ. "ಈ ಬ್ಯಾರಿಯ ಲೆಕ್ಕಕ್ಕೆ ಇನ್ನೊಂದು ಮಾಳಿಗೆ ಕಟ್ಟಬೇಕು."

ಬೆರಳುಗಳನ್ನು ಒಂದೊಂದಾಗಿ ಆಡಿಸುವ ವಿದ್ಯೆ ನಾಯಿ ಬೆಕ್ಕುಗಳಿಗೆ ಇಲ್ಲ ಎಂದು ಸ್ವರ್ಣಲತಾ ಮುಂದುವರಿಸಿದಳು. ಮಿದುಳಿನ ಆ ಪಟ್ಟಿಯಿಂದ ಬೆನ್ನುಹುರಿಯಲ್ಲಿ ಬೆರಳನ್ನು ಆಳುವ ಕೋಶಗಳವರೆಗೆ ನೇರ ತಂತಿ ಎಳೆದಿರುವುದು ಮಂಗಗಳಿಗೆ, ಅದಕ್ಕಿಂತ ಚೆನ್ನಾಗಿ ಮನುಷ್ಯರಿಗೆ. ಆ ತಂತಿ ಕಡಿದ ಮಂಗ ಕೊಂಬೆ ಹಿಡಿಯಬಲ್ಲದು, ಹತ್ತಬಲ್ಲದು. ಆದರೆ ಸಣ್ಣ ಗುಳಿಯೊಳಗಿನ ನೆಲಕಡಲೆಯನ್ನು ಎರಡು ಬೆರಳಿನಲ್ಲಿ ಹೆಕ್ಕಲಾರದು.

"ಡಾಕ್ಟ್ರಮ್ಮ, ನಮ್ಮ ಅಂಗಡಿಯ ಬಾಳೆಗೊನೆಗೆ ಕೈ ಹಾಕುವ ಮಂಗ ಉಂಟು. ಅದನ್ನೂ ನನ್ನನ್ನೂ ಒಂದೇ ಬೆಂಚಿನಲ್ಲಿ ಕೂರಿಸುತ್ತೀರಾ?"

"ಬೆರಳಿನ ವಿಷಯದಲ್ಲಿ ಒಂದೇ ಬೆಂಚು."

"ಬೇರೆ ವಿಷಯದಲ್ಲೂ" ಎಂದ ವಿಠಲ.

ಹಾಳಾದದ್ದು ಹಾಳಾಯಿತು, ಆದರೆ ಸುತ್ತ ಉಳಿದ ಜಾಗ ಹೊಸದಾಗಿ ಕೆಲಸ ಕಲಿಯಬಹುದು. ಕೈ ದುಡಿದರೆ ಮಾತ್ರ ಅದು ಕಲಿಯುತ್ತದೆ ಎಂದು ಸ್ವರ್ಣಲತಾ ಹೇಳಿ, ಹಿಸುಕಲು ಒಂದು ರಬ್ಬರು ಚೆಂಡು ಕೊಟ್ಟು ಮನೆಗೆ ಕಳಿಸಿದಳು.

ಮನೆಯಲ್ಲಿ ಪ್ರೀತಿ ಕಾದು ಕೂತಿತ್ತು. ಐಸಮ್ಮ ಗಂಜಿಯನ್ನು ಆರಿಸಿ, ಮೀನಿನ ಮುಳ್ಳು ತೆಗೆದು, ತುತ್ತು ಮಾಡಿ ಬಾಯಿಗೆ ಕೊಟ್ಟರು. ಉಸ್ಮಾನ್ ಗುಂಡಿ ಹಾಕಿದ. ನೆರೆಯವರು ಬಂದು ನೀರಿನ ಲೋಟ ಹಿಡಿದರು. ಎಡಗೈ ಗಟ್ಟಿಯಾಗಿಯೇ ಇತ್ತು. ಆದರೆ ಶೇಕಬ್ಬರು ಹುಟ್ಟಿದಂದಿನಿಂದ ಎಡಗೈಯಲ್ಲಿ ಉಂಡವರಲ್ಲ, ಎಡಗೈಯಲ್ಲಿ ಕೊಟ್ಟವರಲ್ಲ, ತೆಗೆದುಕೊಂಡವರಲ್ಲ. ಕಾಯಿಲೆ ಬಿದ್ದವನಿಗೆ ವಿನಾಯಿತಿ ಉಂಟು ಎಂದು ಮಸೀದಿಯ ಉಸ್ತಾದರು ಹೇಳಿ ಕಳಿಸಿದರೂ ಅವರು ಒಪ್ಪಲಿಲ್ಲ. "ದೇವರು ವಿನಾಯಿತಿ ಕೊಡಬಹುದು. ನನಗೆ ನಾಚಿಕೆಯಾಗುತ್ತದೆ" ಎಂದರು. ಹೀಗೆ ಬಲಗೈಗೆ ಆಗದು, ಎಡಗೈಗೆ ಕೂಡದು ಎಂದಾಗಿ, ಶೇಕಬ್ಬರು ಜಗಲಿಯ ಕುರ್ಚಿಯಲ್ಲಿ ಚೆಂಡು ಹಿಸುಕಲು ನೋಡುತ್ತಾ, ಊರೆಲ್ಲರ ಕೈಗಳಿಂದ ಬದುಕತೊಡಗಿದರು. ಕಾಗೆಗಳೂ ಬಂದವು. ಓಡಿಸಲು ಐಸಮ್ಮ ಇದ್ದರು.

ಮುಂದಿನ ಸಲ ಮಣಿಪಾಲಕ್ಕೆ ಹೋದಾಗ ಸ್ವರ್ಣಲತಾ ಕೈಯನ್ನು ಮಡಚಿ ಬಿಡಿಸಿ ನೋಡಿದಳು. ಸುಧಾರಣೆ ಏನೇನೂ ಇಲ್ಲ.

"ಊಟ ಯಾವ ಕೈಯಲ್ಲಿ ಮಾಡುತ್ತೀರಿ?"

"ನನ್ನ ಕೈಯಲ್ಲಿ" ಎಂದರು ಐಸಮ್ಮ, ಹೆಮ್ಮೆಯಿಂದ.

"ಎಡಗೈ ಉಪಯೋಗಿಸುವುದಿಲ್ಲವಾ?"

"ಛೆ, ಎಂತ ಮಾತು ಡಾಕ್ಟ್ರಮ್ಮ. ಅವರು ಮರ್ಯಾದಸ್ಥರು."

ಸ್ವರ್ಣಲತಾ ಇನ್ನೊಂದು ಮಂಗದ ಕಥೆ ಹೇಳಿದಳು. ಒಂದು ಕೈ ಕೆಟ್ಟ ಮಂಗ ಒಳ್ಳೆಯ ಕೈಯೊಂದರಲ್ಲೇ ಎಲ್ಲ ಮಾಡಿಕೊಳ್ಳುತ್ತದೆ. ಕೆಟ್ಟ ಕೈಯನ್ನು ನಾಲ್ಕಾರು ಸಲ ಪ್ರಯತ್ನಿಸಿ, ಆಗಲಿಲ್ಲವೆಂದು ಮರೆತೇಬಿಡುತ್ತದೆ. ಪರದೇಶದ ವಿಜ್ಞಾನಿಗಳು ಒಳ್ಳೆಯ ಕೈಯನ್ನೇ ಕಟ್ಟಿಹಾಕಿದರು. ಹಸಿದ ಮಂಗ ಬೇರೆ ಗತಿಯಿಲ್ಲದೆ ಕೆಟ್ಟ ಕೈಯನ್ನು ಚಾಚಿತು, ಚಾಚುತ್ತಾ ಚಾಚುತ್ತಾ ಅದು ಕೆಲಸಕ್ಕೆ ಬಂತು.

"ನನ್ನ ಎಡಗೈಯನ್ನು ಕಟ್ಟುತ್ತೀರಾ?" ಎಂದು ಕೇಳಿದರು ಶೇಕಬ್ಬರು.

"ಅದು ನಿಮ್ಮ ಮನೆಯಲ್ಲಿ ಮೊದಲೇ ಕಟ್ಟಿ ಉಂಟಲ್ಲ ಸಾಹೇಬ್ರೆ. ನಿಮ್ಮ ಒಳ್ಳೆಯ ಕೈ ಇವರು." ಸ್ವರ್ಣಲತಾ ಐಸಮ್ಮನ ಕಡೆಗೆ ತಿರುಗಿದಳು. "ಕಟ್ಟಬೇಕಾದದ್ದು ಇವರ ಕೈ. ಇವರದು, ಮಗನದು, ನೆರೆಯವರದು. ಬಟ್ಟಲು ಮುಂದಿಡಿ ಅಮ್ಮ, ಆಮೇಲೆ ಎದ್ದು ಹೋಗಿ. ಹಸಿವೆಯಾದರೆ ಕೈ ಬರುತ್ತದೆ."

"ಬಾರದಿದ್ದರೆ?"

"ಇನ್ನೂ ಸ್ವಲ್ಪ ಹಸಿವೆಯಾಗಲಿ."

ಅಂದಿನಿಂದ ಕಾಪುವಿನಲ್ಲಿ ಮಹಾಸಮರ ಶುರುವಾಯಿತು. ಶೇಕಬ್ಬರ ಮುಷ್ಟಿ ಬಟ್ಟಲಿಗೆ ಇಳಿಯುವುದು, ಅನ್ನವನ್ನು ಸುತ್ತುವರಿಯುವುದು, ಅರ್ಧ ದಾರಿಯಲ್ಲಿ ಸೈನ್ಯವೆಲ್ಲ ಚದುರಿ ಮಡಿಲಿಗೆ ಬೀಳುವುದು. ಬಾಯಿಗೆ ತಲುಪಿದ್ದು ಗಾಯಾಳುಗಳಷ್ಟೇ. ಐಸಮ್ಮ ಅಡುಗೆ ಮನೆಯ ಬಾಗಿಲ ಹಿಂದೆ ನಿಂತು, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಣ್ಣೊರೆಸಲೂ ಕೈ ತೆಗೆಯದೆ ನೋಡುತ್ತಿದ್ದರು. ಗಂಡನನ್ನು ಹಸಿವೆಯಲ್ಲಿ ಕೂರಿಸಿದ್ದಾರೆ ಎಂದು ಊರಲ್ಲಿ ಗುಲ್ಲಾಯಿತು. ನೆರೆಮನೆಯ ಖದೀಜಮ್ಮ ಕರುಣೆ ತಡೆಯಲಾರದೆ ಸೆರಗಿನ ಮರೆಯಲ್ಲಿ ಬಿಸ್ಕತ್ತು ತಂದರೆ, ಮಧ್ಯಾಹ್ನ ಜಗಲಿ ಕಾಯುತ್ತಿದ್ದ ವಿಠಲ ಅದನ್ನು ವಶಪಡಿಸಿಕೊಂಡು ತಾನೇ ತಿಂದ.

"ನನಗೆ ತಂದದ್ದು ಅದು" ಎಂದರು ಶೇಕಬ್ಬರು.

"ಬೇಕಾದರೆ ಕೈ ಚಾಚಿ ತೆಗೆದುಕೋ ಮಾರಾಯ. ಬಲಗೈ."

ಶೇಕಬ್ಬರು ಚಾಚಿದರು. ಕೈ ನಡುಗುತ್ತಾ ಬಂದು ಬಿಸ್ಕತ್ತಿನ ಹತ್ತಿರ ನಿಂತಿತು, ಬೆರಳು ತೆರೆಯಲಿಲ್ಲ. ವಿಠಲ ಮಿಸುಕದೆ ಕಾದ. ಕಾದೂ ಕಾದೂ ಬೆರಳುಗಳೆಲ್ಲ ಒಟ್ಟಿಗೆ ಅರಳಿ, ಒಟ್ಟಿಗೆ ಮುಚ್ಚಿದವು. ಬಿಸ್ಕತ್ತು ಪುಡಿಯಾಯಿತು. ಪುಡಿ ಮಾತ್ರ ಶೇಕಬ್ಬರ ಮುಷ್ಟಿಯೊಳಗೇ ಇತ್ತು. ಅದನ್ನು ಅವರು ಗೆದ್ದವರ ಗತ್ತಿನಿಂದ ನೆಕ್ಕಿದರು.

ಮುಷ್ಟಿ ಬಂತು. ಲೋಟ ಹಿಡಿಯಿತು, ಬಾಗಿಲು ನೂಕಿತು, ಕೊಡೆಯನ್ನೂ ಹೊತ್ತಿತು. ಆದರೆ ಬೆರಳುಗಳು ಒಂದು ಕುಟುಂಬದ ಹಾಗೆ ಎಲ್ಲಿಗೂ ಒಟ್ಟಿಗೇ ಹೊರಡುತ್ತಿದ್ದವು. ಹೆಬ್ಬೆರಳೂ ತೋರುಬೆರಳೂ ಬೇರೆಯಾಗಿ ಸಂಸಾರ ಹೂಡದೆ ನೂಲು ಕಟ್ಟಲು ಆಗುವುದಿಲ್ಲ. ಅಂಗಡಿಯಲ್ಲಿ ತೊಟ್ಟೆಗಳು ಕೊಕ್ಕೆಯಿಂದ ಗೊಂಚಲಾಗಿ ನೇತಾಡುತ್ತಿದ್ದವು. ಶೇಕಬ್ಬರು ಆ ಕಡೆ ಹೋಗುವುದನ್ನೇ ಬಿಟ್ಟರು.

ಇಂಥ ಹೊತ್ತಿನಲ್ಲಿ ಬೆಳ್ಮಣ್ಣಿನಿಂದ ತಂಗಿಯ ಮಗಳ ಮದುವೆಯ ಕರೆ ಬಂತು. ನಮ್ಮ ಕಡೆಯ ಬ್ಯಾರಿ ಮದುವೆಗಳಲ್ಲಿ ಗಂಡಸರು ನಾಲ್ವರಂತೆ ಒಂದು ದೊಡ್ಡ ಹರಿವಾಣದ ಸುತ್ತ ಕೂತು ಒಟ್ಟಿಗೆ ಉಣ್ಣುವುದು ವಾಡಿಕೆ. ಊರಿನವರ ಜೊತೆ ಕೂತಿದ್ದರೆ ಎಲ್ಲರೂ ಕನಿಕರದಿಂದ ನಿಧಾನವಾಗಿ ಉಣ್ಣುತ್ತಿದ್ದರು. ಆದರೆ ಶೇಕಬ್ಬರಿಗೆ ಸಿಕ್ಕ ಹರಿವಾಣದಲ್ಲಿ ಇದ್ದವರು ಕಾರ್ಕಳದ ಮೂವರು. ಅವರಲ್ಲಿ ಮುಖ್ಯ ಅಬ್ದುಲ್, ಕಲ್ಲುಕೋರೆಯ ಲಾರಿ ಓಡಿಸುವವನು. ಶೇಕಬ್ಬರ ಕಾಯಿಲೆಯ ಸುದ್ದಿ ಅವನಿಗೆ ತಲುಪಿರಲಿಲ್ಲ. ತಲುಪಿದ್ದರೂ ಹಸಿದಿದ್ದ.

ಬಿರಿಯಾನಿ ಬಂತು. ಮೂರು ಕೈಗಳು ಮೂರು ದಿಕ್ಕಿನಿಂದ ನುಗ್ಗಿದವು. ಶೇಕಬ್ಬರ ಮುಷ್ಟಿ ಒಂದು ಸಲ ಇಳಿದು ಏರುವುದರೊಳಗೆ ಗುಡ್ಡ ಬಯಲಾಗಿತ್ತು. ಕೊನೆಗೆ ನಡುವಿನಲ್ಲಿ ಉಳಿದದ್ದು ಬೆರಳುದ್ದದ ಒಂದು ಮಾಂಸದ ತುಂಡು. ಅಬ್ದುಲ್ಲನ ಕೈ ಅತ್ತ ಹೊರಟಿತು. ಶೇಕಬ್ಬರು ಆಲೋಚಿಸಲಿಲ್ಲ, ಕೈಯನ್ನು ನೋಡಲೂ ಇಲ್ಲ. ನೋಡಿದ್ದು ಅಬ್ದುಲ್ಲನ ಮುಖವನ್ನು. ಅವರ ಹೆಬ್ಬೆರಳೂ ತೋರುಬೆರಳೂ ಉಳಿದ ಮೂವರು ಅಣ್ಣತಮ್ಮಂದಿರನ್ನು ಹಿಂದೆ ಬಿಟ್ಟು ಮುಂದೆ ಬಂದು, ತುದಿಗೆ ತುದಿ ಸೇರಿ, ತುಂಡನ್ನು ಹೆಕ್ಕಿದವು.

"ಎಂತ ಕಾಕ, ದೊಡ್ಡವರು ನಮಗೆ ಬಿಡುವುದಲ್ವಾ?" ಎಂದ ಅಬ್ದುಲ್.

ಶೇಕಬ್ಬರು ತುಂಡನ್ನು ತಿನ್ನಲಿಲ್ಲ. ಎರಡು ಬೆರಳಿನ ನಡುವೆ ಅದನ್ನು ಎತ್ತಿ ಹಿಡಿದು ಹೆಂಗಸರ ಕಡೆಯ ಪರದೆಯ ಹತ್ತಿರ ನಡೆದರು. "ಐಸು, ಇಲ್ಲಿ ನೋಡು" ಎಂದರು. ಮದುವೆ ಮನೆಯಲ್ಲಿ ಐಸಮ್ಮ ಅಷ್ಟು ಜೋರಾಗಿ ಅತ್ತದ್ದನ್ನು ಕಂಡು ಮದುಮಗಳೂ ಅಳಲು ಶುರು ಮಾಡಿದಳು. ಹೋಗುವ ಹುಡುಗಿ ಅಳುವುದು ಸರಿ, ಈಕೆ ಯಾಕೆ ಎಂದು ಗಂಡಿನ ಕಡೆಯವರು ಕೇಳಿದರು. ಮಾಂಸದ ತುಂಡಿನ ವಿಷಯ ಎಂದು ಯಾರೋ ಹೇಳಿದ್ದರಿಂದ, ಊಟ ಸಾಲದೆ ಹೋಯಿತು ಎಂಬ ಅಪವಾದ ತಂಗಿಯ ಮನೆಗೆ ಬಹಳ ಕಾಲ ಉಳಿಯಿತು.

"ಮಂಗ ಪಾಸಾಯಿತು" ಎಂದು ಶೇಕಬ್ಬರು ಮಣಿಪಾಲದಲ್ಲಿ ವರದಿ ಒಪ್ಪಿಸಿದರು. ಸ್ವರ್ಣಲತಾ ಮೇಜಿನ ಮೇಲೆ ನೆಲಕಡಲೆ ಹರಡಿ ಹೆಕ್ಕಿಸಿದಳು. ಅವರು ಹೆಕ್ಕಿದರು. ಕೆಲವು ಜಾರಿದವು, ಹೆಚ್ಚಿನವು ಬಾಯಿಗೆ ಹೋದವು. "ಇನ್ನು ನಿಮಗೆ ಇಲ್ಲಿ ಕೆಲಸವಿಲ್ಲ, ಅಂಗಡಿಗೆ ಹೋಗಿ" ಎಂದಳು ಅವಳು. "ಆದರೆ ಮೊದಲಿನ ವೇಗ ಬರುತ್ತದೆ ಎಂದು ನಾನು ಹೇಳುವುದಿಲ್ಲ."

ಶೇಕಬ್ಬರು ಅಂಗಡಿಗೆ ಬಂದರು. ಉಸ್ಮಾನ್ ಎದ್ದು ಸ್ಥಳ ಬಿಟ್ಟ. ಡಬ್ಬಿಯಿಂದ ನೂಲು ಇಳಿಬಿಟ್ಟೇ ಇತ್ತು. ಆ ಒಂದನ್ನು ಅವನು ತೆಗೆದಿರಲಿಲ್ಲ. ಮೊದಲ ಗಿರಾಕಿ ಉಡುಪಿಯ ಶಾಲೆಯ ಮನೋರಮಾ ಟೀಚರ್, ಬಸ್ಸಿಗೆ ಹೊರಟವರು. ಜೀರಿಗೆ ಕೇಳಿದರು. ಶೇಕಬ್ಬರು ಕಾಗದ ಮಡಚಿ ನೂಲು ಸೆಳೆದರು. ಉದ್ದದ ಸುತ್ತು ಬಂತು. ಅಡ್ಡದ ಸುತ್ತಿಗೆ ನೂಲು ಜಾರಿತು. ಹಿಂದೆ ಜನ ಸೇರಿದರು. ಯಾರೂ ಕೆಮ್ಮಲಿಲ್ಲ.

"ನಿಧಾನವಾಗಿ ಕಟ್ಟಿ, ನನಗೆ ಎಂತ ಅವಸರವೂ ಇಲ್ಲ" ಎಂದರು ಟೀಚರ್.

"ಅವಸರ ಮಾಡಿ ಟೀಚರೇ" ಎಂದರು ಶೇಕಬ್ಬರು. ನೂಲು ಮತ್ತೆ ಜಾರಿತು. "ಎಲ್ಲರೂ ಹೀಗೆ ಒಳ್ಳೆಯವರಾದರೆ ನನ್ನ ಕೈ ಮುಗಿಯಿತು. ಸ್ವಲ್ಪ ಬೈಯಿರಿ."

ಟೀಚರಿಗೆ ದಾಕ್ಷಿಣ್ಯ. ವಿಠಲನಿಗೆ ಅದು ಇರಲಿಲ್ಲ. "ಓ ಬ್ಯಾರಿ, ಜೀರಿಗೆ ಕಟ್ಟುತ್ತೀಯಾ, ಗಿಡ ನೆಡುತ್ತೀಯಾ?" ಎಂದು ಸಾಲಿನ ಹಿಂದಿನಿಂದ ಶುರು ಮಾಡಿದ. ದೋಣಿಗೆ ಹೊರಟವರು ದನಿಗೂಡಿಸಿದರು. ಗದ್ದಲದಲ್ಲಿ ಟೀಚರಿಗೂ ಧೈರ್ಯ ಬಂದು, "ನನ್ನ ಬಸ್ಸು ತಪ್ಪಿದರೆ ಹೆಡ್‌ಮಾಸ್ಟರಿಗೆ ನೀವೇ ಉತ್ತರ ಕೊಡಬೇಕು" ಎಂದುಬಿಟ್ಟರು. ಶೇಕಬ್ಬರು ಕೈಯಿಂದ ಕಣ್ಣು ಕಿತ್ತು ರಸ್ತೆಯ ಕಡೆ ನೋಡಿದರು. ತಿರುವಿನಲ್ಲಿ ಬಸ್ಸು ಕಾಣಿಸಿತು. ಹೆಬ್ಬೆರಳು ಒತ್ತಿತು, ತೋರುಬೆರಳು ಕೊಕ್ಕೆಯಾಯಿತು, ನಡುಬೆರಳು ತಡವರಿಸಿ ತುದಿಯನ್ನು ಒಳಕ್ಕೆ ನುಗ್ಗಿಸಿತು. ಜಗ್ಗಿದರು. ತುಂಡಾಗಲಿಲ್ಲ. ಇನ್ನೊಮ್ಮೆ ಜಗ್ಗಿದರು, ನೂಲು ತುಂಡಾಯಿತು. ಬಲಗೈಯಲ್ಲೇ ಪೊಟ್ಟಣ ಎತ್ತಿ ಕೊಟ್ಟರು. ಟೀಚರ್ ಸೆರಗು ಸಿಕ್ಕಿಸಿಕೊಂಡು ಬಸ್ಸಿನ ಕಡೆ ಓಡಿದರು.

ಮೊದಲಿನ ವೇಗ ಬರಲಿಲ್ಲ, ನಿಜ. ಮೊದಲು ಹತ್ತು ಪೊಟ್ಟಣ ಕಟ್ಟುತ್ತಿದ್ದ ಹೊತ್ತಿನಲ್ಲಿ ಈಗ ಐದು. ಉಸ್ಮಾನ್ ತೊಟ್ಟೆಗಳನ್ನು ಅಂಗಡಿಯ ಹೊರಗಿನ ಕಂಬಕ್ಕೆ ಸಾಗಿಸಿದ. ಬೇಕಾದವರಿಗೆ ಅಲ್ಲಿಂದ ಕೊಟ್ಟ. ಒಳಗೆ ಕೊಡಲು ಅವನಿಗೆ ಮನಸ್ಸು ಬರಲಿಲ್ಲ, ಹೊರಗೆ ಕೊಟ್ಟದ್ದನ್ನು ಶೇಕಬ್ಬರು ಕಂಡೂ ಕಾಣದ ಹಾಗೆ ಇದ್ದರು. ಮಳೆಗಾಲದಲ್ಲಿ ಜನ ನೂಲಿನ ಪೊಟ್ಟಣವನ್ನು ಕಟ್ಟಿಸಿಕೊಂಡು ಅದನ್ನು ತೊಟ್ಟೆಯೊಳಗಿಟ್ಟು ಹೋದರು. ಎಂಬತ್ತರ ದಶಕ ಮುಗಿಯುವವರೆಗೂ ಶೇಕಬ್ಬರು ಹಾಗೆಯೇ ಕಟ್ಟುತ್ತಿದ್ದರು. ಗಿರಾಕಿಗಳು ಸಾಲಿನಲ್ಲಿ ನಿಂತು ಬೈಯುತ್ತಿದ್ದರು, ಯಾರಾದರೂ ಸುಮ್ಮನೆ ನಿಂತರೆ ಅವರಿಗೆ ಕಾಯಿಲೆಯೇ ಎಂದು ಶೇಕಬ್ಬರು ವಿಚಾರಿಸುತ್ತಿದ್ದರು.

ಒಮ್ಮೆ ಸ್ವರ್ಣಲತಾ ಕಾಪುವಿಗೆ ಬಂದವಳು ಅಂಗಡಿಗೂ ಬಂದಳು. ಮೆಂತೆ ಕೇಳಿ, ಪೊಟ್ಟಣವನ್ನು ಬಿಟ್ಟು ಬೆರಳುಗಳನ್ನೇ ನೋಡಿದಳು.

"ಕಿರುಬೆರಳು ಇನ್ನೂ ಕೆಲಸಕ್ಕೆ ಸೇರಿಲ್ಲ ಸಾಹೇಬ್ರೆ. ಮಡಚಿಯೇ ಕೂತಿದೆ."

"ಅದು ಕಾಯಿಲೆಯದಲ್ಲ ಡಾಕ್ಟ್ರಮ್ಮ" ಎಂದು ಶೇಕಬ್ಬರು ಪೊಟ್ಟಣವನ್ನು ಮುಂದಕ್ಕೆ ನೀಡಿದರು. "ಅದು ಹುಟ್ಟಿನಿಂದಲೇ ಸೋಮಾರಿ. ನೀವು ಬೇಗ ಹೊರಡಿ, ಹಿಂದೆ ಜನ ಉಂಟು."